ಮೊಳೆಯ ತೂತು

ಪಿಸ್ತೂಲಿನ ಒರೆಯ ಚರ್ಮದ ಮುಚ್ಚಳವನ್ನು ಬೆರಳಿನಿಂದ ಎತ್ತಿದ ಮೆರ್ಲ್ ಅದರಲ್ಲಿದ್ದ ತೂತನ್ನು ನೋಡಿದ. ಓಹಾಯೋದ ಹಳೇ ಬಂದೂಕಿನ ಸಂತೆಯಲ್ಲಿ ಜರ್ಮನ್ ಪಿಸ್ತೂಲುಗಳನ್ನು ಗುರುತಿಸಿಕೊಡುವವನು ಅವನು. ಎದುರಿಗೆ ಮುದುಕ ಆರ್ವಿಲ್, ಪಕ್ಕದಲ್ಲಿ ಮಗಳು ಲೋರ್ನಾ.

“ಅದು ಮೊಳೆ ತೂತು,” ಎಂದಳು ಲೋರ್ನಾ. “ಅಪ್ಪ ಯುದ್ಧದಿಂದ ತಂದಾಗಿಂದ ಒರೆ ಗೋಡೆ ಮೇಲೆ, ಪಿಸ್ತೂಲು ಪೆಟ್ಟಿಗೇಲಿ. ಎರಡನ್ನೂ ಸೇರಿಸೋಕೇ ಬಿಡ್ತಿರ್ಲಿಲ್ಲ ಈ ಪುಣ್ಯಾತ್ಮ! ಹಿಡಿಕೆ ಸಿಡಿದಿರೋದು ನೋಡಿ. ಆ ಜರ್ಮನ್ ಅಧಿಕಾರಿ ಇದನ್ನ ಅಪ್ಪನ ಎದೆಗೇ ಗುರಿ ಹಿಡಿದಿದ್ನಂತೆ. ಅಪ್ಪನ ಗುಂಡು ಮೊದಲು ಹಾರಿ ಹಿಡಿಕೆಗೇ ಬಡೀತು.”

“ಸಾಕು ಬಿಡೇ, ಊರಿಗೆಲ್ಲ ಹೇಳ್ಬೇಕಾ?” ಎಂದ ಆರ್ವಿಲ್.

ಒರೆ ಈ ಪಿಸ್ತೂಲಿನದೇ ಹೌದೋ ಎಂದು ನೋಡಲು ಮೆರ್ಲ್ ಎಂದಿನಂತೆ ಪಿಸ್ತೂಲನ್ನು ಒಳಗಿಳಿಸಿ, ಮುಚ್ಚಳ ಮುಚ್ಚಿ, ಪಟ್ಟಿ ಬಿಗಿದ. ತೂತಿನೊಳಗಿಂದ ಹಿಡಿಕೆಯ ಸಿಡಿದ ಮರ ಕಂಡಿತು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಅದು ಮೊಳೆಯದಲ್ಲ, ಗುಂಡಿನ ತೂತು. ಗುಂಡು ತಗುಲಿದಾಗ ಪಿಸ್ತೂಲು ಆ ಅಧಿಕಾರಿಯ ಕೈಯಲ್ಲಿರಲಿಲ್ಲ. ಬಿಗಿದ ಒರೆಯೊಳಗೇ ಇತ್ತು. ಮೆರ್ಲ್ ತಲೆಯೆತ್ತಿದ. ಆರ್ವಿಲ್ ಒರೆಯನ್ನು ನೋಡುತ್ತಿರಲಿಲ್ಲ, ಮೆರ್ಲ್‌ನ ಮುಖವನ್ನೇ ನೋಡುತ್ತಿದ್ದ.

“ಯಾಕೆ, ನಕಲಿನಾ?” ಎಂದಳು ಲೋರ್ನಾ.

“ಅಸಲೀನೇ ಅಮ್ಮಾ. ಎರಡೂ ಒಂದೇ ಜೋಡಿ,” ಎಂದ ಮೆರ್ಲ್, ಅವಳಿಗೆ ಕಾಣುವ ಮೊದಲೇ ಪಟ್ಟಿ ಬಿಚ್ಚಲು ಹೋದ.

ಮುದುಕನ ಕೈ ಬಂದು ಅವನ ಕೈಯನ್ನು ತಡೆಯಿತು. “ಬಿಡಪ್ಪಾ, ಬಿಚ್ಚಬೇಡ,” ಎಂದ ಆರ್ವಿಲ್. ಆಮೇಲೆ ಮಗಳ ಕಡೆ ತಿರುಗಿದ. “ಆ ಅಧಿಕಾರಿ ಎರಡೂ ಕೈ ಮೇಲೆತ್ತಿದ್ದ ಕಣಮ್ಮಾ.”