ಹನ್ನೆರಡನೆಯದು, ಹದಿನಾಲ್ಕನೆಯದು

"ಎರಡು ಕಂಪ್ಯೂಟರನ್ನೂ ಆ ಗೋಡೆಗೇ ಒತ್ತಿ ಇಡಪ್ಪ," ಎಂದ ರಸೂಲ್.

ಕಂಪ್ಯೂಟರ್ ಅಂಗಡಿಯ ಕೆಂಪರಾಜು ಗೋಡೆಗೆ ಅಂಗೈ ಇಟ್ಟವನು ಹಾಗೇ ಹಿಂತೆಗೆದ. ಗೋಡೆಯ ಆಚೆ ರೇಷ್ಮೆಗೂಡು ಬೇಯಿಸುವ ಒಲೆ. ರಾಮನಗರದ ಆ ಬೀದಿಯಲ್ಲಿ ಅರ್ಧಕ್ಕರ್ಧ ಮನೆಗಳು ಹೀಗೆಯೇ, ಮುಂದೆ ಸಂಸಾರ, ಹಿಂದೆ ನೂಲು ಬಿಚ್ಚುವ ಶೆಡ್ಡು. ಎರಡರ ನಡುವಿನ ಕೋಣೆ ರಸೂಲನ ಮಗಳು ಇಕ್ರಾಳದು.

"ಸಾಬ್ರೇ, ನಿನ್ನೆ ಅಂಗಡೀಲೇ ಓಡ್ಸಿ ನೋಡಿವ್ನಿ. ಇಕ್ರಾ ಕೊಟ್ಟಿದ್ದ ಮನೆ ಚಿತ್ರಾನೇ ಹಾಕಿದ್ದೆ. ಹನ್ನೆರಡನೇ ಜನರೇಷನ್ ಪ್ರೊಸೆಸರು ಐವತ್ತೈದು ನಿಮಿಷ ತಗೊಂತು, ಹದಿನಾಲ್ಕನೇದು ನಲವತ್ತು. ಇನ್ನೇನ್ ನೋಡ್ಬೇಕು?"

"ಹದಿಮೂರನೇದು ಏನಾಯ್ತು?"

"ಸ್ಟಾಕಿಲ್ಲ."

"ನಿನ್ ಅಂಗಡೀಲಿ ಎಸಿ ಐತೆ ಕಣಪ್ಪ. ಮಾರ್ಕೆಟ್ಟಲ್ಲಿ ಎಲ್ಲಾ ಗೂಡೂ ಚೆನ್ನಾಗೇ ಕಾಣ್ತವೆ. ನಮ್ಮನೆ ನೀರಿಗೆ ಬಿದ್ಮೇಲೆ ಎಳೆ ಬತ್ತದೋ ಕಿತ್ತೋಯ್ತದೋ ಗೊತ್ತಾಗೋದು."

ಇಕ್ರಾ ಎರಡೂ ಪ್ರೊಸೆಸರುಗಳನ್ನು ಹೋಲಿಸಿ ನೋಡುವುದರಲ್ಲೇ ಮೂರು ವಾರ ಕಳೆದಿದ್ದಳು. ಎಷ್ಟು ಕೋರು, ಎಷ್ಟು ವೇಗ, ಯಾರು ಯಾರು ಏನು ಬರೆದಿದ್ದಾರೆ, ಎಲ್ಲವನ್ನೂ ಓದಿದ್ದಳು. ಕರೆಂಟು ಎಳೆಯುವುದೊಂದನ್ನು ಬಿಟ್ಟರೆ ಮಿಕ್ಕೆಲ್ಲದರಲ್ಲೂ ಹೊಸದೇ ಮೇಲು. ಎಂಥ ಕೋಣೆಯಲ್ಲಿಟ್ಟು ನೋಡಿದ್ದೆಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಅವಳಿಗೂ ಅದು ಹೊಳೆದಿರಲಿಲ್ಲ. ಹುಟ್ಟಿದಾಗಿನಿಂದ ಈ ಸೆಕೆಯಲ್ಲಿ ಬೆಳೆದವಳಿಗೆ ಇದು ಸೆಕೆ ಅನ್ನಿಸುವುದೇ ನಿಂತುಹೋಗಿತ್ತು.

ಇನ್ನೂ ಕಟ್ಟದ ಮನೆ ಕಟ್ಟಿದ ಮೇಲೆ ಹೇಗೆ ಕಾಣುತ್ತದೆಂದು ಚಿತ್ರ ಮಾಡಿಕೊಡುವುದು ಅವಳ ಕೆಲಸ. ಕನಕಪುರದ ಎಂಜಿನಿಯರ್ ಲತಾಮಣಿ ಖಡಾಖಂಡಿತವಾಗಿ ಹೇಳಿದ್ದರು: ಮನೆ ಕಟ್ಟಿಸುವವರು ಆಫೀಸಿನಲ್ಲಿ ಕೂತಿರುವಾಗಲೇ ತಿದ್ದಿದ ಚಿತ್ರ ಬರಬೇಕು, ಒಂದು ಗಂಟೆಯೊಳಗೆ. ಆಗುತ್ತದೆ ಎಂದರೆ ಆಫೀಸಿನ ಕೆಲಸವೆಲ್ಲ ಅವಳಿಗೇ. ಆಗದಿದ್ದರೆ ಸೋಮವಾರದಿಂದ ಬೇರೆಯವರಿಗೆ. ಇಕ್ರಾಳ ಹಳೆಯ ಕಂಪ್ಯೂಟರು ನಾಲ್ಕು ಗಂಟೆ ತಿನ್ನುತ್ತಿತ್ತು. ಕೆಲವು ದಿನ ಅರ್ಧಕ್ಕೇ ಆರಿಹೋಗುತ್ತಿತ್ತು.

ಅವಳು ಒಂದೇ ಮನೆಯ ಚಿತ್ರವನ್ನು ಎರಡರಲ್ಲೂ ಹಾಕಿ ಒಟ್ಟಿಗೆ ಶುರು ಮಾಡಿದಳು. ರಸೂಲ್ ಸ್ಟೂಲ್ ಎಳೆದುಕೊಂಡು ಕೂತ. ಅವಳು ಕಾಲೇಜು ಮುಗಿಸಿ ಈ ಕೆಲಸ ಹಿಡಿದ ಮೇಲೆ ಅಬ್ಬಾ ಈ ಕೋಣೆಯಲ್ಲಿ ಕೂತದ್ದು ಇದೇ ಮೊದಲು. ಇಷ್ಟು ದಿನ ಬಾಗಿಲಲ್ಲಿ ನಿಂತು "ಊಟ ಆಯ್ತಾ" ಎಂದು ಕೇಳಿ ಹೋಗುತ್ತಿದ್ದ. ಅವಳೂ "ಆಯ್ತು" ಎನ್ನುತ್ತಿದ್ದಳು. ಆ ಎರಡು ಮಾತಿನ ನಡುವೆ ಕೇಳದೆ ಉಳಿದದ್ದು ಎಷ್ಟೋ ಇತ್ತು. ಈಗ ಅದೆಲ್ಲ ಪಕ್ಕದಲ್ಲೇ ಬಂದು ಕೂತಂತೆ ಅವಳಿಗೆ ಅನ್ನಿಸಿತು.

ಮೊದಲ ಹತ್ತು ನಿಮಿಷ ಹದಿನಾಲ್ಕನೆಯದೇ ಮುಂದಿತ್ತು. ಆಮೇಲೆ ಅದರ ಫ್ಯಾನಿನ ಸದ್ದು ಏರತೊಡಗಿತು. ಗೂಡನ್ನು ಕಿವಿಯ ಹತ್ತಿರ ಅಲುಗಿಸಿ ನೋಡುವವನಂತೆ ರಸೂಲ್ ಬಗ್ಗಿ ಆಲಿಸಿದ.

"ಇದಕ್ಕೆ ಉಬ್ಸ ಬಂತು."

"ಬಿಸಿ ಜಾಸ್ತಿ ಆದ್ರೆ ಅದೇ ವೇಗ ಕಮ್ಮಿ ಮಾಡ್ಕತದೆ ಸಾಬ್ರೇ. ಸುಟ್ಟೋಗ್ಬಾರ್ದಲ್ಲ."

"ಬುದ್ಧಿವಂತ. ಒಲೆ ಮುಂದೆ ನಿಲ್ಲೋ ನಮ್ ವಜೀರಾಗೂ ಈ ಬುದ್ಧಿ ಬಂದ್ಬುಟ್ರೆ ನನ್ ಕತೆ ಮುಗೀತು."

ಕೆಂಪರಾಜು ನಕ್ಕ. ಇಕ್ರಾ ನಗಲಿಲ್ಲ. ಹನ್ನೆರಡನೆಯದು ಮೆಲ್ಲಗೆ ಬಂದು ಹೊಸದನ್ನು ದಾಟಿತು. ಆದರೆ ಒಂದು ಗಂಟೆ ಕಳೆದಾಗ ಎರಡು ಪರದೆಗಳ ಮೇಲೂ ಮನೆಗೆ ಇನ್ನೂ ಗೇಟು ಮೂಡಿರಲಿಲ್ಲ. ಹನ್ನೆರಡನೆಯದು ಮುಗಿಸಿದ್ದು ಒಂದು ಗಂಟೆ ಎಂಟು ನಿಮಿಷಕ್ಕೆ, ಹೊಸದು ಅದಕ್ಕಿಂತ ನಾಲ್ಕು ನಿಮಿಷ ತಡವಾಗಿ.

"ಎರಡೂ ಆಗ್ಲಿಲ್ಲ," ಎಂದಳು ಇಕ್ರಾ. ದನಿಯಲ್ಲಿ ಏನೂ ಇರಲಿಲ್ಲ. "ತಗೊಂಡೋಗಿ ಕೆಂಪರಾಜಣ್ಣ. ಮೇಡಮ್‌ಗೆ ಆಗಲ್ಲ ಅಂತ ಹೇಳ್ಬುಡ್ತೀನಿ."

ಕೆಂಪರಾಜು ವೈರುಗಳಿಗೆ ಕೈ ಹಾಕಿದ. ರಸೂಲ್ ಪರದೆಯ ಮೇಲಿನ ಮನೆಯನ್ನೇ ನೋಡುತ್ತಿದ್ದ. ಮೆಟ್ಟಿಲು, ಬಾಲ್ಕನಿ, ಕಾಂಪೌಂಡಿನ ಮೇಲೆ ಬಿದ್ದ ಗಿಡದ ನೆರಳು.

"ಈ ಮನೆ ಎಲ್ಲೈತೆ?"

"ಎಲ್ಲೂ ಇಲ್ಲ ಅಬ್ಬಾ. ಇನ್ನು ಕಟ್ಬೇಕು."

"ನೆರಳನ್ನೂ ನೀನೇ ಹಾಕಿದ್ದಾ?"

"ಹೂಂ. ಸಂಜೆ ನಾಲ್ಕರ ನೆರಳು ಅದು."

ಅವನು ಎದ್ದು ಹೊರಗೆ ಹೋದ. ಶೆಡ್ಡಿಗೆ ಹೋದನೆಂದೇ ಇಬ್ಬರೂ ತಿಳಿದರು. ಆದರೆ ಬೀದಿಯ ಕಡೆಯ ಸಣ್ಣ ಕೋಣೆಯ ಬಾಗಿಲು ಸದ್ದು ಮಾಡಿತು. ಮನೆಗೆಲ್ಲ ತಂಪಾದ ಕೋಣೆ ಅದೊಂದೇ. ಬಿಚ್ಚಿದ ರೇಷ್ಮೆಯನ್ನು ಅವನು ಇಡುತ್ತಿದ್ದುದು ಅಲ್ಲಿ. ಇಕ್ರಾಳ ಅಮ್ಮಿಗೂ ಒಳಗೆ ಒಂದು ಮೊರ ಇಡಲು ಬಿಟ್ಟವನಲ್ಲ. ಅವನು ಎರಡು ತೋಳಿನ ತುಂಬ ರೇಷ್ಮೆ ಲಡಿಗಳನ್ನು ಅಪ್ಪಿಕೊಂಡು ಬಂದ. ಇಕ್ರಾಳ ಮಂಚದ ಮೇಲೆ ಹರಡಿದ. ಮತ್ತೆ ಹೋಗಿ ಮತ್ತಷ್ಟು ತಂದ. ಹಳದಿ ಲಡಿಗಳಿಂದ ಮಂಚ ತುಂಬಿತು.

"ಸಾಬ್ರೇ, ಈ ಬಿಸೀಲಿ ರೇಷ್ಮೆ ಇಡೋದಾ?" ಎಂದ ಕೆಂಪರಾಜು.

"ಹದಿನಾಲ್ಕನೇದನ್ನ ಆ ಕೋಣೇಲಿಟ್ಟು ಇನ್ನೊಂದ್ಸಲ ಓಡ್ಸು," ಎಂದ ರಸೂಲ್, ತೋಳಿಗಂಟಿದ ಎಳೆಯೊಂದನ್ನು ಬಿಡಿಸಿಕೊಳ್ಳುತ್ತ. "ರೇಷ್ಮೆ ನಾಳೆ ಮಾರ್ಕೆಟ್ಟಿಗೆ ಹೋಗೋದು. ಇವಳು ದಿನಾ ಇದೇ ಮನೇಲಿ ಕುಂತ್ಕೊಳ್ಳೋಳು."