ಸೀಮಂತದ ಬಳೆ

ಸ್ಪಿರಿಟ್ ದೀಪದ ವಾಸನೆ ಬಂದರೆ ಈಗಲೂ ನನಗೆ ಶಿಕಾರಿಪುರದ ಆಸ್ಪತ್ರೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ತುಂಬು ಬಸುರಿ ಅಕ್ಕನಿಗೆ ತಲೆನೋವು ಬಿಟ್ಟಿರಲಿಲ್ಲ. ಸೀಮಂತದ ಹಸಿರು ಬಳೆಗಳು ಊದಿದ ಕೈಗೆ ಕಚ್ಚಿಕೊಂಡಿದ್ದವು.

“ಮೈ ತುಂಬ್ಕಂಡಾಳೆ ನೋಡ್ರಿ, ನಮ್ಮನೆ ತುಪ್ಪ ಹಂಗೈತಿ!” ಎಂದು ಅಜ್ಜಿ ಬೀಗಿದಳು.

ಡಾಕ್ಟರಮ್ಮ ಅಕ್ಕನ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ಅದು ಒಡೆದ ಹಾಲಿನಂತೆ ಬೆಳ್ಳಗಾಯಿತು.

“ಇದು ತುಪ್ಪದ ಮೈಯಲ್ಲ ಅಜ್ಜಿ, ಬಸುರಿನ ನಂಜು. ಕಣ್ಣು ಮಂಜಾದ್ರೆ ಫಿಟ್ಸ್ ಹತ್ರ ಬಂತು ಅಂತ್ಲೇ ಅರ್ಥ; ಫಿಟ್ಸ್ ಬಂದ್ರೆ ತಾಯಿ ಮಗು ಇಬ್ರೂ ಉಳಿಯೋದು ಕಷ್ಟ. ಈಗ್ಲೇ ಶಿವಮೊಗ್ಗಕ್ಕೆ ಹೊರಡಿ. ಮೊದ್ಲು ಬಳೆ ಒಡೀರಿ, ಬೆರಳು ನೀಲಿಯಾಗ್ತಿದೆ.”

“ಬಸುರಿ ಕೈ ಬರಿದು ಮಾಡೋದೇನ್ರಿ!” ಅಜ್ಜಿ ಅಕ್ಕನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಅಕ್ಕ ಕಣ್ಣುಜ್ಜಿಕೊಂಡು, “ಅಜ್ಜಿ, ನಿನ್ನ ಮುಖ ಮಂಜಾಗಿ ಕಾಣ್ತೈತಿ” ಎಂದಳು.

ಅಜ್ಜಿ ಅಕ್ಕನ ಕೈಗೆ ಸೆರಗು ಸುತ್ತಿ, ತಾನೇ ಒಂದೊಂದಾಗಿ ಬಳೆ ಒಡೆದಳು.