ಬೆನ್ನ ಮೇಲಿನ ಬೆರಳು

ತಲೆ ನರೆಯುವವರೆಗೂ ಇದನ್ನು ಹೇಳದೆ ಮುಂದೂಡುತ್ತ ಬಂದೆ. ಮೊನ್ನೆ ಚಳ್ಳಕೆರೆಯಲ್ಲಿ ಕಣ್ಣು ತೋರಿಸಲು ಹೋದಾಗ, ಗೋಡೆಯ ಮೇಲೆ ನಾಲ್ಕು ದಿಕ್ಕಿಗೂ ತಿರುಗಿದ ಇಂಗ್ಲಿಷಿನ ಇ ಅಕ್ಷರಗಳನ್ನು ಕಂಡು ನನ್ನ ಬೆರಳು ತಾನಾಗಿ ತೊಡೆಯ ಮೇಲೆ ಅವುಗಳ ದಿಕ್ಕಿಗೆ ಗೆರೆ ಎಳೆಯತೊಡಗಿತು.

ನಾವು ಮೊಳಕಾಲ್ಮೂರಿನ ನೇಕಾರರು. ನಾನು ಚಿಕ್ಕವನಿದ್ದಾಗ ಒಮ್ಮೆ, ಶಾಲೆಗೆ ಕಣ್ಣಿನ ಡಾಕ್ಟರು ಬರುವ ದಿನ ಅವ್ವ ನನ್ನನ್ನು ಹತ್ತಿರ ಕರೆದಳು.

“ನಿನ್ ತಂಗಿ ಎಡಗಣ್ಣು ಮಬ್ಬೈತೆ ಕಣಲೇ. ಕನ್ನಡಕ ಹಾಕಿದ್ರೆ ನಾಳೆ ಯಾರು ಕಟ್ಕೊಂತಾರೆ? ಹಿಂದೆ ನಿಂತ್ಕಂಡು ಹೇಳ್ಕೊಡು.”

ಮಗ್ಗದ ಸದ್ದಿನಲ್ಲಿ ಮಾತು ಕೇಳದ್ದರಿಂದ, ಲಾಳಿ ತಳ್ಳು ಎನ್ನಲು ನಾನು ತಂಗಿಯನ್ನು ಬೆರಳಿನಿಂದ ಮುಟ್ಟುವುದು ರೂಢಿಯಾಗಿತ್ತು. ಶಾಲೆಯಲ್ಲೂ ಅದೇ ಸಾಕಾಯಿತು. ಅವಳು ಬಲಗಣ್ಣು ಮುಚ್ಚಿ ನಿಂತಳು. ಅಕ್ಷರದ ಬಾಯಿ ತಿರುಗಿದ ಕಡೆಗೆ ನಾನು ಅವಳ ಬೆನ್ನ ಮೇಲೆ ಬೆರಳೆಳೆದೆ, ಅವಳು ಹಾಗೆಯೇ ಕೈ ತೋರಿಸಿದಳು.

“ಹದ್ದಿನ ಕಣ್ಣು ಕಣವ್ವ ನಿಂದು!” ಎಂದು ಡಾಕ್ಟರು ನಕ್ಕರು.

ದಾರಿಯಲ್ಲಿ ಅವಳು ಕೇಳಿದಳು, “ಅಣ್ಣ, ಬಲಗಣ್ಣು ಮುಚ್ಕಂಡಾಗ ಆ ಗ್ವಾಡೆ ಮ್ಯಾಲೆ ಏನಿತ್ತು?”

“ಸುಮ್ನೆ ನಡಿ,” ಎಂದೆ.

ಅವಳಿಗೆ ಮದುವೆಯಾಯಿತು. ಆಮೇಲೆ ಹಾಕಿದ ಯಾವ ಕನ್ನಡಕದಿಂದಲೂ ಆ ಕಣ್ಣು ತಿಳಿಯಾಗಲಿಲ್ಲ. ಚಿಕ್ಕಂದಿನಲ್ಲೇ ತೋರಿಸಬೇಕಿತ್ತು ಎಂದರಂತೆ ಡಾಕ್ಟರು. ಅವಳು ನನ್ನನ್ನು ದೂರಲಿಲ್ಲ, ನಾನೂ ತಪ್ಪಾಯಿತು ಎನ್ನಲಿಲ್ಲ. ಆ ಮಾತು ಸಲ್ಲಬೇಕಾದವಳ ಹೆಸರು ರತ್ನಮ್ಮ.